ಮ್ಯಾಂಚೆಸ್ಟರ್ ಸೋತರೆ ಕೋಲಾರಕ್ಕೆ ನಿದ್ದೆಗೇಡು

ಆರ್‌ಸಿಬಿ ಸೋತರೆ ಅದು ಊರೊಟ್ಟಿನ ದುಃಖ. ಟೀ ಅಂಗಡಿ ಮುಂದೆ ಜೊತೆಗೂಡಿ ಬೈಯಲು ಹತ್ತು ಜನ ಸಿಗುತ್ತಾರೆ. 2025ರಲ್ಲಿ ಕಪ್ ಬರುವವರೆಗೂ ಹದಿನೇಳು ಸೀಸನ್ ಆ ಸಂತಾಪ ಸಭೆ ತಪ್ಪದೆ ನಡೆಯಿತು. ಆದರೆ ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಸೋತ ಮರುದಿನ ಶ್ರೀನಿವಾಸಪುರದ ಕಡೆಯ ಹುಡುಗನೊಬ್ಬ ಹಾಲಿನ ಕ್ಯಾನು ಹಿಡಿದು ಡೈರಿ ಮುಂದೆ ಕೆಂಗಣ್ಣು ಬಿಟ್ಟುಕೊಂಡು ನಿಂತರೆ, ಜನ ಕೇಳುವುದು ಒಂದೇ ಮಾತು: "ಯಾಕಪ್ಪಾ, ಮದ್ರಾಸ್ ಐ ಏನಾದ್ರೂ ಬಂತಾ?"

ಕಣ್ಣಿನ ಈ ಕಾಯಿಲೆಗೆ ಮೂಲ ಇಂಗ್ಲೆಂಡಿನ ಗಡಿಯಾರ. ಬೇಸಿಗೆಯಲ್ಲಿ ನಾವು ಅವರಿಗಿಂತ ನಾಲ್ಕೂವರೆ ಗಂಟೆ ಮುಂದೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಐದೂವರೆ ಗಂಟೆ. ಶನಿವಾರ ರಾತ್ರಿ ಹತ್ತಕ್ಕೆ ಶುರುವಾಗುತ್ತಿದ್ದ ಮ್ಯಾಚು ಹನ್ನೊಂದಕ್ಕೆ ಜಾರುತ್ತದೆ, ವಾರದ ನಡುವೆ ಹನ್ನೆರಡೂವರೆಗೆ ಇದ್ದದ್ದು ಒಂದೂವರೆಗೆ. ಮಾರ್ಚ್ ಕೊನೆಯವರೆಗೂ ಇದೇ ಪಾಡು. ಇದು ಗೊತ್ತಿಲ್ಲದ ಹೊಸಬರು ನವೆಂಬರ್ ಚಳಿಯಲ್ಲಿ ಒಂದು ಗಂಟೆ ಮುಂಚೆಯೇ ಎದ್ದು ಕೂತು ಜಾಹೀರಾತು ನೋಡುತ್ತಾರೆ. ಯುನೈಟೆಡ್ ಆಟಕ್ಕೆ ಹೋಲಿಸಿದರೆ ಅದೇನೂ ಕೆಟ್ಟ ಮನರಂಜನೆಯಲ್ಲ.

ಎರಡನೇ ಶನಿಕಾಟ ಮೊಬೈಲ್ ಡೇಟಾ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕು ಹಾಕಿಸಿದವನ ಪಾಲಿನದು ರೀಲ್ಸ್ ನೋಡಿಯೇ ಹತ್ತೂವರೆಗೆ ಖಾಲಿಯಾಗಿರುತ್ತದೆ. ಹನ್ನೊಂದರ ಮ್ಯಾಚಿನ ಮೊದಲಾರ್ಧದಲ್ಲಿ ಆಟಗಾರರು ಕಾಣುವುದಿಲ್ಲ, ಸುತ್ತುವ ಚಕ್ರ ಮಾತ್ರ ಕಾಣುತ್ತದೆ. ನಲವತ್ತೈದು ನಿಮಿಷ, ಮೇಲೆ ಒಂದೆರಡು, ವಿರಾಮ ಹದಿನೈದು ಎಂದರೆ ದ್ವಿತೀಯಾರ್ಧಕ್ಕೆ ಸೀಟಿ ಊದುವುದು ಸರಿಸುಮಾರು ಹನ್ನೆರಡು ಗಂಟೆ ಎರಡು ನಿಮಿಷಕ್ಕೆ. ಹೊಸ ಡೇಟಾ ಬರುವುದೂ ಹನ್ನೆರಡಕ್ಕೇ. ಹೀಗಾಗಿ ಸೋಲಿನ ಭಾಗ ಮಾತ್ರ ಕನ್ನಡಿಯಷ್ಟು ಸ್ಪಷ್ಟ. ಇಷ್ಟಾದರೂ ಮೊಬೈಲಿನ ಆಟ ನಿಜವಾದ ಆಟಕ್ಕಿಂತ ಅರ್ಧ ನಿಮಿಷ ಹಿಂದೆಯೇ ಓಡುತ್ತಿರುತ್ತದೆ. ಚೆಂಡು ಇನ್ನೂ ಮೈದಾನದ ನಡುವೆ ಉರುಳುತ್ತಿರುವಾಗಲೇ ಸ್ಕೋರ್ ಆ್ಯಪ್ 'ಟಿಂಗ್' ಅಂದು ಗೋಲು ಬಿದ್ದ ಸುದ್ದಿ ಹೇಳಿಬಿಡುತ್ತದೆ. ಮೊದಲು ಆ ನೋಟಿಫಿಕೇಶನ್ ಆಫ್ ಮಾಡಿ, ಆಮೇಲೆ ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿ. ಬದ್ಧವೈರಿ ತಂಡ ಲಿವರ್‌ಪೂಲ್ ಕಡೆಯವನೊಬ್ಬ ಎಲ್ಲ ಗ್ರೂಪಿನಲ್ಲೂ ಇದ್ದೇ ಇರುತ್ತಾನೆ.

ಜೆರ್ಸಿ ಕೊಳ್ಳುವವರಿಗೂ ಒಂದು ಮಾತು: ಬೆನ್ನ ಮೇಲೆ ಆಟಗಾರನ ಹೆಸರು ಹಾಕಿಸಬೇಡಿ. 2024ರ ಆಗಸ್ಟ್‌ನಲ್ಲಿ ಯುನೈಟೆಡ್‌ನವರು ತಮ್ಮ ಆಟಗಾರ ಸ್ಕಾಟ್ ಮೆಕ್‌ಟಾಮಿನೇಯನ್ನು ನಾಪೋಲಿ ತಂಡಕ್ಕೆ ಮಾರಿದರು. ಮುಂದಿನ ಮೇ ತಿಂಗಳಿಗೆ ನಾಪೋಲಿ ಇಟಲಿಯ ಚಾಂಪಿಯನ್, ಮೆಕ್‌ಟಾಮಿನೇ ಅಲ್ಲಿನ ಲೀಗಿನ ಶ್ರೇಷ್ಠ ಆಟಗಾರ. ಅದೇ ಮೇನಲ್ಲಿ ಯುನೈಟೆಡ್ 38 ಮ್ಯಾಚಿಗೆ 18 ಸೋತು, 42 ಪಾಯಿಂಟು ಗುಡ್ಡೆಹಾಕಿ, ಹದಿನೈದನೇ ಸ್ಥಾನದಲ್ಲಿ ಕೂತಿತ್ತು. ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗಿನ ಫೈನಲ್‌ನಲ್ಲಿ ಇವರನ್ನು ಸೋಲಿಸಿದ್ದು ಲೀಗಿನಲ್ಲಿ ಇವರಿಗಿಂತಲೂ ಕೆಳಗೆ, ಹದಿನೇಳನೇ ಸ್ಥಾನದಲ್ಲಿದ್ದ ಟಾಟನ್‌ಹ್ಯಾಮ್. ಆ ಸೀಸನ್ನಿನಲ್ಲಿ ಇಬ್ಬರೂ ನಾಲ್ಕು ಸಲ ಎದುರಾದರು, ನಾಲ್ಕೂ ಸಲ ಗೆದ್ದವರು ಅವರೇ. ಹಳೆಯ ಕೋಚ್ ಫರ್ಗ್ಯುಸನ್ 2013ರಲ್ಲಿ ಇಪ್ಪತ್ತನೇ ಲೀಗ್ ಕಿರೀಟ ಇಟ್ಟು ಹೋದ ಮೇಲೆ ಆ ಕಪಾಟಿಗೆ ಇಪ್ಪತ್ತೊಂದನೆಯದು ಸೇರಲೇ ಇಲ್ಲ.

ಸೋಲನ್ನು ಹೇಗೋ ತಡೆದುಕೊಳ್ಳಬಹುದು, ಸೋಲುವ ಮುಂಚೆ ತೋರಿಸುವ ಆಸೆಯನ್ನಲ್ಲ. 2025ರ ಆಗಸ್ಟ್ 27ರಂದು ಲೀಗ್ ಕಪ್‌ನಲ್ಲಿ ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ಎದುರಾಯಿತು. ನಮ್ಮಲ್ಲಿ ಆಗಲೇ ರಾತ್ರಿ ಹನ್ನೆರಡೂವರೆ. ವಿರಾಮಕ್ಕೆ ಯುನೈಟೆಡ್ 0-2 ಹಿಂದೆ. ಬುದ್ಧಿ ಇದ್ದವರು ಕಂಬಳಿ ಹೊದ್ದರು. ಅಭಿಮಾನಿಗಳು ಕೂತೇ ಇದ್ದರು. 75ನೇ ನಿಮಿಷಕ್ಕೆ ಒಂದು ಗೋಲು, 89ಕ್ಕೆ ಮಗ್ವಾಯರ್ ತಲೆ ಕೊಟ್ಟು ಇನ್ನೊಂದು. ಅಲ್ಲಿಗೇ ಸೋತಿದ್ದರೆ ಎರಡೂವರೆಗೆ ಮಲಗಬಹುದಿತ್ತು. ಸಮವಾಗಿ, ಪೆನಾಲ್ಟಿ ಒದೆತಗಳಿಗೆ ಹೋಯಿತು. ಒಬ್ಬೊಬ್ಬರೂ ಒಂದೊಂದು ಒದ್ದು, ಗೋಲ್‌ಕೀಪರ್‌ಗಳೂ ಒದ್ದು, ಸರತಿ ಮತ್ತೆ ಮೊದಲಿಗೆ ಬಂದು, ಒಟ್ಟು 26 ಒದೆತ. ಕಡೆಗೆ 12-11ಕ್ಕೆ ಸೋಲು. ಮೀನುಗಾರಿಕೆಗೆ ಹೆಸರಾದ ಗ್ರಿಮ್ಸ್‌ಬಿ ಊರಿನ ಜನ ಗಾಳಿ ತುಂಬಿದ ಪ್ಲಾಸ್ಟಿಕ್ ಮೀನು ಎತ್ತಿ ಕುಣಿಯುವಾಗ ಇಲ್ಲಿ ಮೊದಲ ಕೋಳಿ ಗಂಟಲು ಸರಿ ಮಾಡಿಕೊಳ್ಳುತ್ತಿತ್ತು.

ಟಮೋಟ ಬೆಳೆಯುವ ಮನೆಗಳಲ್ಲಿ ಹೀಗೆ ನಿದ್ದೆಗೆಟ್ಟದ್ದಕ್ಕೊಂದು ನೆಪ ರೆಡಿ ಇರುತ್ತದೆ: "ರಾತ್ರಿ ಕರೆಂಟ್ ಬಂತಪ್ಪಾ, ಮೋಟಾರ್ ಹಾಕೋಕೆ ಎದ್ದಿದ್ದೆ." ಇದರಲ್ಲೂ ಹುಷಾರು ಬೇಕು. ಅಪ್ಪಂದಿರು ಮೊದಲು ಹೋಗಿ ಮುಟ್ಟಿ ನೋಡುವುದು ಡ್ರಿಪ್ ಪೈಪಿನ ಕೆಳಗಿನ ಮಣ್ಣು. ಒಣಗಿದ್ದರೆ ಕಥೆ ಮುಗಿಯಿತು. ಆದ್ದರಿಂದ ವಿರಾಮದ ಹದಿನೈದು ನಿಮಿಷದಲ್ಲೇ ಟಾರ್ಚ್ ಹಿಡಿದು ಬೋರ್‌ವೆಲ್ ಶೆಡ್ಡಿಗೆ ಓಡಿ, ಸ್ಟಾರ್ಟರ್‌ನ ಹಸಿರು ಗುಂಡಿ ಒತ್ತಿ, ಗೇಟ್‌ವಾಲ್ವ್ ತಿರುವಿ ಬರಬೇಕು. ಶೆಡ್ಡು ಐದು ನಿಮಿಷಕ್ಕಿಂತ ದೂರ ಇದ್ದವರು ಬೇರೆ ಟೀಮ್ ನೋಡಿಕೊಳ್ಳುವುದು ಒಳ್ಳೆಯದು. ಮ್ಯಾಚು ಮುಗಿದಾಗ ಹೋಗಿ ಕೆಂಪು ಗುಂಡಿ ಒತ್ತಿದರೆ ಲೆಕ್ಕ ಸರಿಹೋಗುತ್ತದೆ.

ಪೆನಾಲ್ಟಿಗೆ ಹೋದ ರಾತ್ರಿ ಮಾತ್ರ ಲೆಕ್ಕ ತಪ್ಪುತ್ತದೆ. ಹದಿನೆಂಟನೇ ಒದೆತದ ಹೊತ್ತಿಗೆ ಮೋಟಾರ್ ಯಾರಿಗೆ ನೆನಪಿರುತ್ತದೆ? ಹಣ್ಣಾಗುವ ಹೊತ್ತಲ್ಲಿ ಟಮೋಟ ಗಿಡಕ್ಕೆ ಒಮ್ಮೆಲೇ ನೀರು ಹೆಚ್ಚಾದರೆ ಕಾಯಿ ಸೀಳುತ್ತದೆ. ಸೀಳಿದ ಹಣ್ಣನ್ನು ಹದಿನೈದು ಕೆಜಿ ಬಾಕ್ಸಿಗೆ ತುಂಬಿ ಮಂಡಿಗೆ ಒಯ್ದರೆ ಹರಾಜಿನವನು ಒಂದು ಕಾಯಿ ಎತ್ತಿ ನೋಡಿ, "ಏನಣ್ಣಾ ಇದು, ರಾತ್ರಿ ನೀರು ಬಿಟ್ಟು ಮಲಗಿಬಿಟ್ರಾ?" ಅನ್ನುತ್ತಾನೆ. ಮಲಗಿರಲಿಲ್ಲ ಅಂತ ಅವನಿಗೆ ಹೇಳುವ ಹಾಗೂ ಇಲ್ಲ, ಅಪ್ಪ ಪಕ್ಕದಲ್ಲೇ ನಿಂತಿರುತ್ತಾರೆ.