ದ್ವೇಷ ಚರ್ಚ್ ಒಳಗೂ ಕೂತಿರುತ್ತದೆ

ವಲಸೆ ಬಂದವರ ಮೇಲೆ ಹಲ್ಲೆ ನಡೆದಾಗಲೆಲ್ಲ ಚರ್ಚ್‌ಗಳು ಖಂಡನಾ ಹೇಳಿಕೆ ಕೊಡುತ್ತವೆ. ಕೊಡಲಿ, ಅದೂ ಬೇಕು. ಆದರೆ ಅದನ್ನು ಯಾರು ಕೇಳಿಸಿಕೊಳ್ಳಬೇಕು? ಹೊರಗಿನವರನ್ನು ಓಡಿಸಿ ಅನ್ನುವವರಲ್ಲಿ ಎಷ್ಟೋ ಜನ ಭಾನುವಾರ ನಮ್ಮ ಪಕ್ಕದಲ್ಲೇ ನಿಂತು ಹಾಡುತ್ತಾರೆ. ಮೊದಲು ಅವರ ಜೊತೆ ಮಾತಾಡಬೇಕು, ಅಲ್ವಾ?

2008ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಲಸಿಗರ ಮೇಲೆ ಗುಂಪುಗಳು ಮುಗಿಬಿದ್ದವು. 60ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಅದೇ ದೇಶದವರು! ಹೊರಗಿನವರು ಯಾರು ಅಂತ ಒಮ್ಮೆ ಗುಂಪು ತೀರ್ಮಾನಿಸಲು ಶುರು ಮಾಡಿದರೆ ಯಾರೂ ಸುರಕ್ಷಿತರಲ್ಲ.

ಆ ಕಾಲದಲ್ಲಿ ಜೊಹಾನ್ಸ್‌ಬರ್ಗ್‌ನ ಸೆಂಟ್ರಲ್ ಮೆಥಡಿಸ್ಟ್ ಚರ್ಚ್‌ನ ಬಾಗಿಲನ್ನು ಬಿಷಪ್ ಪಾಲ್ ವೆರಿನ್ ವಲಸಿಗರಿಗೆ ತೆರೆದೇ ಇಟ್ಟಿದ್ದರು. ಜಿಂಬಾಬ್ವೆಯಿಂದ ಬಂದವರು ಮೆಟ್ಟಿಲುಗಳ ಮೇಲೂ ಮಲಗುತ್ತಿದ್ದರು. ಕಟ್ಟಡ ಗಲೀಜಾಯಿತು, ಜಗಳಗಳಾದವು. ಸಭೆಯವರೇ, ಅಂದರೆ ಆ ಚರ್ಚ್‌ನ ಸದಸ್ಯರೇ, ಬೇಜಾರು ಮಾಡಿಕೊಂಡರು. 2008ರ ಜನವರಿಯಲ್ಲಿ ಪೊಲೀಸರು ರಾತ್ರಿ ನುಗ್ಗಿ ನೂರಾರು ಜನರನ್ನು ಹಿಡಿದುಕೊಂಡು ಹೋದರು. ಆದರೂ ಬಾಗಿಲು ಮುಚ್ಚಲಿಲ್ಲ. ಆಶ್ರಯ ಕೊಡುವುದು ಅಂದರೆ ಇಷ್ಟೆಲ್ಲ ಸಹಿಸುವುದು. ಇದನ್ನು ಸಭೆಗೆ ಮೊದಲೇ ಹೇಳಬೇಕು.

ಅದೇ ದೇಶದಲ್ಲಿ ಹಿಂದೆ ಬಿಳಿಯರ ದೊಡ್ಡ ಪಂಗಡವಾಗಿದ್ದ ಡಚ್ ರಿಫಾರ್ಮ್ಡ್ ಚರ್ಚ್ ವರ್ಣಭೇದಕ್ಕೆ ಬೈಬಲ್‌ನಿಂದಲೇ ಸಮರ್ಥನೆ ಹುಡುಕಿತ್ತು. 1982ರಲ್ಲಿ ರಿಫಾರ್ಮ್ಡ್ ಚರ್ಚ್‌ಗಳ ಜಾಗತಿಕ ಒಕ್ಕೂಟ ಆ ಬೋಧನೆಯನ್ನು ಪಾಷಂಡ, ಅಂದರೆ ಕ್ರೈಸ್ತ ನಂಬಿಕೆಗೇ ವಿರುದ್ಧ ಅಂತ ಸಾರಿ, ಆ ಚರ್ಚ್‌ನ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ತಮ್ಮವರನ್ನೇ ತಡೆದು ನಿಲ್ಲಿಸಿದರು. ನನಗೆ ಯಾವ ಖಂಡನೆಗಿಂತಲೂ ಇದೇ ದೊಡ್ಡದು.

ಹಾಗಂತ ಭಯಪಡುವವರನ್ನೆಲ್ಲ ಬೈದರೆ ಆಗುವುದಿಲ್ಲ. ಕೆಲಸ ಹೋಗುತ್ತೆ, ಬಾಡಿಗೆ ಏರುತ್ತೆ ಅನ್ನೋ ಆತಂಕ ಸುಳ್ಳಲ್ಲ. ಪಾಸ್ಟರ್ ಇಂಥವರ ಮನೆಗೆ ಹೋಗಿ ಕೂತು ಕೇಳಲಿ. ಆದರೆ ಆ ಸಂಕಟಕ್ಕೆ ವಲಸಿಗನೇ ಕಾರಣ ಅಂದಾಗ ಸುಮ್ನೆ ತಲೆಯಾಡಿಸಬಾರದು. ವಾಟ್ಸಾಪ್‌ನಲ್ಲಿ ಓಡಾಡುವ ಸುಳ್ಳನ್ನು ಸುಳ್ಳು ಅಂತ ಭಾನುವಾರದ ಉಪದೇಶದಲ್ಲೇ ಹೇಳಬೇಕು. ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಿ ಅಂತ ಬೈಬಲ್‌ನ ಯಾಜಕಕಾಂಡದ 19ನೇ ಅಧ್ಯಾಯ ನೇರವಾಗಿ ಹೇಳುತ್ತದೆ. ಅದನ್ನು ಓದಿ ಮುಂದೆ ಹೋಗಿಬಿಡುತ್ತೇವೆ.

ಇನ್ನೊಂದು ಮಾತು. ವಲಸಿಗರಿಗೆ ಹಳೆ ಬಟ್ಟೆ ಕೊಡುತ್ತೇವೆ, ಮಧ್ಯಾಹ್ನ ಖಾಲಿ ಇರುವ ಹಾಲ್ ಕೊಡುತ್ತೇವೆ. ಸಭೆಯ ಹಿರಿಯರ ಸಮಿತಿಯಲ್ಲಿ ಅವರಿಗೆ ಜಾಗ ಕೊಡುವುದಿಲ್ಲ. ಚರ್ಚ್‌ನ ಹಣ ಯಾವುದಕ್ಕೆ ಹೋಗಬೇಕು ಅಂತ ತೀರ್ಮಾನಿಸುವಾಗ ಅವರಿಗೂ ಒಂದು ಮತ ಇರಲಿ. ಮುಂದಿನ ಸಭೆ ಚುನಾವಣೆಯಲ್ಲೇ ಅವರ ಹೆಸರು ಸೂಚಿಸಿ.