ಸ್ಪಷ್ಟನೆ: ಶಾಲೆಯ ನೀಲಿ ಮಾತ್ರೆಯಿಂದ ಬಂಜೆತನ ಬರುವುದಿಲ್ಲ
ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಿಂದ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ, ಮಲ ಕಪ್ಪಾಗುವುದೇ ಅದಕ್ಕೆ ಸಾಕ್ಷಿ ಎಂಬ ಧ್ವನಿಸಂದೇಶವೊಂದು ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಶುದ್ಧ ಸುಳ್ಳು.

ರಕ್ತಹೀನತೆ ತಡೆಯಲು 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗೆ ನೀಡುವ ಈ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಮಾತ್ರ. ಗಂಡುಮಕ್ಕಳಿಗೂ ಇದನ್ನೇ ಕೊಡುತ್ತಾರೆ. ಗರ್ಭಿಣಿಯರು ದಿನವೂ ನುಂಗುವ ಕೆಂಪು ಮಾತ್ರೆಯಲ್ಲಿರುವುದೂ ಇದೇ ಪ್ರಮಾಣ ಎಂಬುದನ್ನು ಸಂದೇಶ ಕಳಿಸಿದವರು ಅನುಕೂಲಕ್ಕೆ ತಕ್ಕಂತೆ ಮರೆತಿದ್ದಾರೆ. ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣಾಂಶ ಹೊರಹೋಗುವುದರಿಂದ ಮಲ ಕಪ್ಪಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುವುದುಂಟು, ಆದ್ದರಿಂದಲೇ ಬಿಸಿಯೂಟದ ನಂತರ ಕೊಡುವುದು. ಅದರ ಬೆನ್ನಿಗೇ ಚಹಾ ಕುಡಿದರೆ (ನಮ್ಮ ಜಿಲ್ಲೆಯಲ್ಲಿ ಅದನ್ನು ತಪ್ಪಿಸುವುದೇ ಕಷ್ಟ) ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಕೇಂದ್ರ ಸರ್ಕಾರ ಮಾಡಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿಯಲ್ಲಿರುವ ರಾಯಚೂರಿನಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಮನೆಮನೆ ತಿರುಗಿ ಗಳಿಸಿದ ನಂಬಿಕೆಯನ್ನು ಹೆಸರಿಲ್ಲದ ಧ್ವನಿಯೊಂದು ಕೆಡಿಸುವುದು ಸಲ್ಲದು. ಥಲಸ್ಸೇಮಿಯಾದಂತಹ ರಕ್ತದ ಕಾಯಿಲೆ ಇರುವ ಮಕ್ಕಳ ಪೋಷಕರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.