ಸತ್ಯಾಂಶ: 40 ದಾಟಿದವರ ಮಂಡಿ ಮತ್ತು ಸೈಕಲ್ ರೇಸ್

'40 ದಾಟಿದವರು ನಾಲ್ಕೈದು ದಿನದ ಸೈಕಲ್ ರೇಸ್‌ಗೆ ಹೋದರೆ ಮಂಡಿ ಸವೆದೇ ಹೋಗುತ್ತೆ' ಅನ್ನೋ ಸಂದೇಶ ಕೊಪ್ಪಳದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದನ್ನು ನಂಬಿ ಸೈಕಲ್ ಮೂಲೆಗಿಡಬೇಡಿ. ಸೈಕಲ್ ಮೇಲೆ ಮೈಭಾರದ ಹೆಚ್ಚಿನ ಪಾಲು ಸೀಟಿನ ಮೇಲಿರುತ್ತೆ. ಓಟದ ಹಾಗೆ ಹೆಜ್ಜೆ ಹೆಜ್ಜೆಗೂ ಮಂಡಿಗೆ ಪೆಟ್ಟು ಬೀಳುವುದಿಲ್ಲ.

ನೋವು ಬರೋದು ಸಾಮಾನ್ಯವಾಗಿ ಸೀಟು ತಗ್ಗಿದ್ದಾಗ. ಆಗ ಮಂಡಿಚಿಪ್ಪಿನ ಮೇಲೆ ಒತ್ತಡ ಜಾಸ್ತಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಮಡಚಿರಬೇಕು, ಸುಮಾರು 25ರಿಂದ 35 ಡಿಗ್ರಿ. ಏರು ಬಂದಾಗ ಸುಮ್ನೆ ಹಟಕ್ಕೆ ಬಿದ್ದು ಭಾರದ ಗೇರ್ ತುಳಿಯಬೇಡಿ.

ಇಂಥ ರೇಸ್‌ನಲ್ಲಿ ಎಲ್ಲ ದಿನಗಳ ಸಮಯ ಕೂಡಿಸಿ, ಒಟ್ಟು ಸಮಯ ಯಾರದ್ದು ಕಡಿಮೆಯೋ ಅವರನ್ನೇ ಗೆದ್ದವರು ಅಂತ ಆರಿಸುತ್ತಾರೆ. 1990ರಲ್ಲಿ ಅಮೆರಿಕದ ಸೈಕಲ್ ಸವಾರ ಗ್ರೆಗ್ ಲೆಮಾಂಡ್ ಒಂದೂ ಹಂತ (ಒಂದು ದಿನದ ರೇಸ್) ಗೆಲ್ಲದೆ ಫ್ರಾನ್ಸ್‌ನ ಹೆಸರಾಂತ ಬಹುದಿನದ ರೇಸ್ ಟೂರ್ ಡಿ ಫ್ರಾನ್ಸ್ ಗೆದ್ದರು. ಹಾಗಾಗಿ ಮೊದಲ ದಿನವೇ ಕಾಲು ಸೋಲಿಸಿಕೊಳ್ಳೋದು ಬೇಡ, ಅಲ್ವಾ? ಮೊದಲಿಂದ ಮಂಡಿನೋವು ಇದ್ದವರು ಮಾತ್ರ ವೈದ್ಯರನ್ನು ಕಂಡೇ ಹೊರಡಿ.